ತೊಟ್ಟಿಲಿನ ಒಡತಿಗೆ

ಧಾರವಾಡ
ಫೆಬ್ರುವರಿ ಮೂವತ್ತೊಂದು, ೨೧೭೯
ನಸುಕಿನ ಮೂರು ಗಂಟೆ

ಸುಷ್ಮಿತಾ ಅಜ್ಜಿಯವರಿಗೆ ನಮಸ್ಕಾರಗಳು.

ನಿಮಗಿನ್ನೂ ಇಪ್ಪತ್ತೇಳು ಎಂದು ಗೊತ್ತು. ಅಜ್ಜಿ ಎಂದದ್ದಕ್ಕೆ ಬೇಸರ ಬೇಡ. ನಾನು ನಿಮ್ಮ ಮರಿಮಗಳ ಮರಿಮಗಳು ನೀಲವ್ವ. ತಾರೀಖು, ಮಾತು ವಿಚಿತ್ರವೆನಿಸಿದರೆ ಕ್ಷಮಿಸಿರಿ. ನಮ್ಮಲ್ಲಿ ಫೆಬ್ರುವರಿಯನ್ನೂ ಉದ್ದ ಮಾಡಿದ್ದಾರೆ, ಮತ್ತು ಹೆರಿಗೆಯಾದಂದಿನಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಈಗಷ್ಟೇ ಕಣ್ಣು ಹತ್ತಿತ್ತು, ಕಿರ್ ಕಿರ್ ಎಂದು ತೊಟ್ಟಿಲು ಎಬ್ಬಿಸಿತು.

ಅದು ನೀವೇ ಶುರು ಮಾಡಿದ ಕೂಡುತೊಟ್ಟಿಲು. ಬೆಳಗಾವಿಯ ನಿಮ್ಮ ಅತ್ತೆ, ಗದಗಿನ ನಿಮ್ಮ ತಾಯಿ, ಇಬ್ಬರೂ ತಮ್ಮ ತಮ್ಮ ಫೋನಿನಿಂದಲೇ ಕೂಸನ್ನು ತೂಗಲೆಂದು ತೊಟ್ಟಿಲಿನ ಆ್ಯಪನ್ನು ಹಂಚಿಕೊಂಡಿರಲ್ಲ, ಅದೇ. ಯಾರಿಗೂ ಸಿಟ್ಟು ಬರಬಾರದೆಂದು ‘ಬಂಧುಗಳೆಲ್ಲರೂ ತೂಗಬಹುದು’ ಎಂಬುದನ್ನೂ ಒತ್ತಿದಿರಿ. ಬಂಧುಗಳು ಬೆಳೆಯುತ್ತಾರೆಂಬುದು ನಿಮಗೆ ಹೊಳೆಯಲಿಲ್ಲ.

ಈಗ ನನ್ನ ಅತ್ತೆ ತನುಶ್ರೀ ಹುಬ್ಬಳ್ಳಿಯಿಂದ ಜೋರಾಗಿ ತೂಗುತ್ತಾರೆ. ಅವರ ಮೈದುನ ರಕ್ಷಿತ್ ಕಾಕಾ ಚಂದ್ರನ ಮೇಲೆ ನೌಕರಿಯಲ್ಲಿದ್ದಾರೆ. ಅವರ ತೂಗು ಒಂದು ಉಸಿರು ತಡವಾಗಿ ತಲುಪಿ, ಮುಂದೆ ಹೋಗುತ್ತಿದ್ದ ತೊಟ್ಟಿಲನ್ನು ಹಿಂದಕ್ಕೆ ಎಳೆಯುತ್ತದೆ. ಇಬ್ಬರ ದನಿಯೂ ತೊಟ್ಟಿಲಿನಿಂದಲೇ ಕೇಳುತ್ತದೆ.

“ಯಾರದು ಎಳದವರು? ನನ್ನ ಕೈಯಾಗ ಹದಾ ಬಂದಿತ್ತು!”

“ಆಗಳೇ ನೂಕಿದ್ದು ಈಗ ಬಂತ್ರಿ, ವೈನಿ.”

ಕೂಸು ಚೀರುತ್ತದೆ. ವೈರ್ ಕಿತ್ತರೆ, ಏನೋ ಆಯಿತೆಂದು ಎಲ್ಲರೂ ಮನೆಗೇ ಓಡಿ ಬರುತ್ತಾರೆ. ಮೊನ್ನೆ ಬಂದವರು ಊಟ ಮಾಡಿಯೇ ಹೋದರು. ಬಂಧುಗಳನ್ನು ಆ್ಯಪಿನಿಂದ ತೆಗೆಯಹೋದರೆ ತೊಟ್ಟಿಲು ವಿನಯದಿಂದ, “ಒಡತಿ ಸುಷ್ಮಿತಾ ಅವರ ದನಿಯಲ್ಲಿ ಅಪ್ಪಣೆ ಬೇಕು” ಎನ್ನುತ್ತದೆ. ಒಡೆತನವನ್ನು ಯಾರಿಗೂ ಕೊಡದೆ ಹೋಗಿಬಿಟ್ಟಿರಿ, ಅಜ್ಜಿ. ಅಂದರೆ, ಹೋಗುವಿರಿ. ಆ ವಿಷಯ ಈಗ ಬೇಡ.

ಆದ್ದರಿಂದ ಇಂದು ರಾತ್ರಿ ಕೂಸನ್ನು ಹೆಗಲಿಗೆ ಹಾಕಿಕೊಂಡು, ತೊಟ್ಟಿಲಲ್ಲಿ ತಲೆದಿಂಬು ಮಲಗಿಸಿ, ಅದಕ್ಕೆ ಕೂಸಿನ ಟೊಪ್ಪಿಗೆ, ಕುಂಚಿಗೆ ಕಟ್ಟಿ, ದೀಪ ಸಣ್ಣ ಮಾಡಿದೆ. ಕೂಸು ಕೂಡಲೇ ನಿದ್ದೆ ಹೋಯಿತು. ಬಂಧುಗಳು ಫೋನಿನಲ್ಲಿ ನೋಡುತ್ತ ದಿಂಬನ್ನು ತೂಗುತ್ತಲೇ ಇದ್ದಾರೆ.

“ಮೂಗು ಥೇಟ್ ನಮ್ಮ ಮಂದೀದು ನೋಡ್ರಿ,” ಎಂದಳು ನನ್ನ ಅವ್ವ.

“ಹೌದ್ರಿ ಬೀಗರ, ಸಪಾಟ ಐತಿ, ನಿಮ್ಮದ ಇರಬೇಕು,” ಎಂದರು ಅತ್ತೆ.

ಬೆಳಕು ಹರಿದೊಡನೆ ನಾಮಕರಣ. ಕುಂಚಿಗೆ ಸರಿಸಿ ಕಿವಿಯಲ್ಲಿ ಹೆಸರು ಹೇಳಲು ಹೊರಟರೆ ದಿಂಬಿಗೆ ಕಿವಿಯಿಲ್ಲ. ಅಷ್ಟರೊಳಗೆ ಬಂಧುಗಳ ಕೈ ಬಿಡಿಸಬೇಕು, ಕೂಸನ್ನು ಸದ್ದಿಲ್ಲದೆ ತೊಟ್ಟಿಲಿಗೆ ಸೇರಿಸಬೇಕು. ಇಲ್ಲದಿದ್ದರೆ ಎರಡೂ ಮನೆತನಗಳು ನನ್ನ ಮುಖ ನೋಡುವುದಿಲ್ಲ.

ಈ ಕಾಗದ ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಒಯ್ಯುವ ಟಪಾಲಿನಲ್ಲಿ ಬರುತ್ತಿದೆ. ನಿಮ್ಮ ಕಾಲದಿಂದ ಇಲ್ಲಿಗೆ ಉತ್ತರ ಫೋನಿನಲ್ಲಿ ಮಾತ್ರ ಬರಬಲ್ಲದು. ಲಕೋಟೆಯ ಮೇಲೆ ನಂಬರ್ ಬರೆದಿದ್ದೇನೆ. ನಾನು ಫೋನನ್ನು ತೊಟ್ಟಿಲಿಗೆ ಹಿಡಿಯುತ್ತೇನೆ, ನೀವು “ಇನ್ನು ನೀಲವ್ವನೇ ಒಡತಿ” ಎಂದರೆ ಸಾಕು. ಬೆಳಗಾಗುವುದರೊಳಗೆ ದಯವಿಟ್ಟು ಫೋನ್ ಮಾಡಿರಿ, ಅಜ್ಜಿ. ಆದರೆ ಮೆಲ್ಲಗೆ ಮಾತಾಡಿರಿ, ಕೂಸು ಮಲಗಿದೆ.