ಗಂಗಾ ಕಟ್ಟಿದ ಗೋಡೆ

ನಾಚಾರಂ, ಹೈದರಾಬಾದ್
9 ಡಿಸೆಂಬರ್ 2023

ಮಗಳೇ ಗಂಗಾ, ನಿನ್ನಪ್ಪ ಮಾಡುವ ಆಶೀರ್ವಾದ.

ಆರಾಮಿದ್ದೀಯಾ? ರಾಯಚೂರಿನ ಆ ಜಿನ್ನಿಂಗ್ ಮಿಲ್ಲಿನ ಹತ್ತಿ ಧೂಳಿಗೆ ನಿನ್ನ ಕೆಮ್ಮು ಬಿಟ್ಟಿಲ್ಲವೆಂದು ನಿನ್ನ ಸೋದರತ್ತೆ ಗುರುಬಾಯಿ ಹೇಳಿದಳು. ಮೂಗಿಗೆ ಬಟ್ಟೆ ಕಟ್ಟಿಕೋ. ನನ್ನ ಫೋನು ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇಷ್ಟು ಸಿಟ್ಟು ಎಲ್ಲಿಂದ ಬಂತೆಂದು ಕೇಳಬೇಕೇ, ನನ್ನ ಮಗಳಲ್ಲವೇ ನೀನು! ಅವ್ವ ಮೊಣಕಾಲು ನೋವಿನಲ್ಲೂ ಬುಟ್ಟಿ ಹೊರುತ್ತಾಳೆ. ರೊಟ್ಟಿ ಬಡಿಯುವಾಗ ಮರೆತು ನಿನ್ನ ಹೆಸರು ಹಿಡಿದು ಕರೆಯುತ್ತಾಳೆ, ಆಮೇಲೆ ಮತ್ತೆ ಹಿಟ್ಟಿಗೆ ಕೈ ಹಾಕುತ್ತಾಳೆ.

ನೀನು ಹೋಗಿ ಎಂಟು ತಿಂಗಳಾಯಿತು. ಹೆಣ್ಣುಮಕ್ಕಳು ಸಿಮೆಂಟು ಹೊರಬೇಕು, ಕರಣಿ ಹಿಡಿಯಬಾರದು ಎಂದು ಮೇಸ್ತ್ರಿಗಳೆಲ್ಲ ನಗುವಾಗ ನಿನ್ನ ಕೈಗೆ ಕರಣಿ ಕೊಟ್ಟವನು ನಾನೇ. ನಿನ್ನ ಮೊದಲ ಗೋಡೆ ಎದೆಮಟ್ಟ ಬಂದಾಗ, ನೆಟ್ಟಗಿದೆಯೇ ಎಂದು ನೋಡಲು ನೂಲುಗುಂಡು ಇಳಿಬಿಟ್ಟು, "ಹಿಂದಕ್ಕ ವಾಲೈತಿ, ಕಣ್ಣು ಎಲ್ಲಿಟ್ಟಿದ್ದಿ?" ಎಂದು ಎಲ್ಲರೆದುರು ಒದ್ದು ಕೆಡವಿದವನೂ ನಾನೇ. ಒದೆಯುವ ಮೊದಲು "ನೆಟ್ಟಗ ಐತೆಪ್ಪಾ, ಇನ್ನೊಮ್ಮೆ ನೋಡು" ಎಂದಿದ್ದೆ ನೀನು. ನಾನು ನೋಡಲಿಲ್ಲ. ಜೊತೆಯ ಮೇಸ್ತ್ರಿ ಅಂಬಾದಾಸ ಕಿಸಕ್ಕನೆ ನಕ್ಕ. ಅಂದೇ ನೀನು ಗಂಟು ಕಟ್ಟಿ ಹೊರಟೆ.

ನಾವು ಗೋಡೆ ಕಟ್ಟಿ ಎದ್ದು ಹೋಗುತ್ತೇವೆ. ಗುರುತಿಲ್ಲದ ಜನ ಅದರ ಬುಡದಲ್ಲಿ ಕೂಸು ಮಲಗಿಸುತ್ತಾರೆ. ನಮ್ಮ ಹೆಸರು ಕೇಳುವುದಿಲ್ಲ, ಆದರೂ ನಂಬುತ್ತಾರೆ. ಅದಕ್ಕೇ ಓರೆ ಗೋಡೆ ಉಳಿಸಬಾರದೆಂದು ನಿನಗೆ ಕಲಿಸಿದೆ. ಕಲಿಸುವುದು ಸುಲಭ, ತಾಯಿ. ಮೊನ್ನೆ ಮಾದಾಪುರದ ಕೆಲಸಕ್ಕೆ ಕರೆದರು. ಕೈ ನಡುಗುತ್ತದೆ ಎಂದು ಸುಳ್ಳು ಹೇಳಿ ಮನೆಯಲ್ಲೇ ಕೂತಿದ್ದೇನೆ. ಕರಣಿ ಮುಟ್ಟಲು ಮನಸ್ಸಾಗುವುದಿಲ್ಲ.

ಅತ್ತೆಗೆ ನನ್ನ ಶರಣು ಹೇಳು. ಹೊಟ್ಟೆ ತುಂಬ ಉಣ್ಣು. ದೇವರು ನಿನ್ನನ್ನು ತಣ್ಣಗಿಡಲಿ.

ನಿನ್ನ ಅಪ್ಪ,
ಮಾಣಿಕಪ್ಪ

ಒಂದು ಮಾತು ಉಳಿಯಿತು: ನೂಲುಗುಂಡಿನ ಮೇಲ್ತುದಿಯಲ್ಲಿ ಗೋಡೆಗೆ ಒತ್ತಿ ಹಿಡಿಯುವ ಕಟ್ಟಿಗೆ ಇರುತ್ತದಲ್ಲ, ಅದು ಗುಂಡಿನಷ್ಟೇ ಅಗಲವಿರಬೇಕು. ನನ್ನದು ಇಪ್ಪತ್ತು ವರ್ಷದಲ್ಲಿ ಸವೆದುಹೋಗಿತ್ತು, ಅದಕ್ಕೇ ನೆಟ್ಟಗಿನ ಗೋಡೆಯೂ ವಾಲಿದಂತೆ ತೋರಿತು. ಅಂಬಾದಾಸನ ಹೊಸ ಗುಂಡು ತಂದು, ಕೆಡವದೆ ಉಳಿದಿದ್ದ ನಿನ್ನ ಗೋಡೆಯ ಮೂಲೆಗೆ ಇಳಿಬಿಟ್ಟು ನೋಡಿದೆ. ನೆಟ್ಟಗಿತ್ತು. ವಾಲಿರುವುದು ನನ್ನ ಗುಂಡು ನಂಬಿ ನಾನು ಕಟ್ಟಿದ ಗೋಡೆಗಳು. ಇದು ಗೊತ್ತಾಗಿದ್ದು ಅದೇ ಸಂಜೆ. ನೀನಿನ್ನೂ ಕಾಚಿಗೂಡ ಸ್ಟೇಷನ್ನಿನಲ್ಲಿ ರೈಲು ಕಾಯುತ್ತಿದ್ದೆ. "ಹೋಗಿ ಕರ್ಕೊಂಡು ಬರ್ರಿ" ಎಂದು ಅವ್ವ ಅತ್ತಳು. ನಾನು ಆ ಕಟ್ಟಿಗೆಯನ್ನು ಒಲೆಗೆ ಹಾಕಿ ಉಣ್ಣಲು ಕೂತೆ.