ಎರಡು ಬಾಗಿಲು ತಟ್ಟಿದ ಕಣ

ವಾಕೊ, ಶುಕ್ರವಾರ

ಅಕ್ಕಾ,

ನೀನು ಕಳಿಸಿದ ಉಮೆ ಹಣ್ಣಿನ ಉಪ್ಪಿನಕಾಯಿ ತಲುಪಿತು, ಕೆಮ್ಮು ಇಳಿದಿದೆ.

ಇಲ್ಲಿ ಪ್ರಯೋಗಾಲಯದಲ್ಲಿ ನ್ಯೂಟ್ರಾನ್ ಹೆಚ್ಚಿರುವ ಲಿಥಿಯಂ ಪರಮಾಣು ಬೀಜಗಳನ್ನು ಸೀಸದ ಹಾಳೆಯತ್ತ ಹಾರಿಸುತ್ತೇವೆ. ಅಂಚಿನ ಎರಡು ನ್ಯೂಟ್ರಾನ್‌ಗಳು ಎಷ್ಟು ಸಡಿಲವೆಂದರೆ, ಸೀಸವನ್ನು ಮುಟ್ಟದೆ ಪಕ್ಕದಲ್ಲಿ ಹಾದುಹೋದರೂ ಬೀಜ ಒಡೆಯುತ್ತದೆ. ಆಮೇಲೆ ಅವೆರಡೂ ಜೊತೆಯಾಗಿ ಹೋಗುತ್ತವೆಯೋ, ಬೇರೆಯಾಗಿಯೋ ಎಂಬುದೇ ನಮ್ಮ ಪ್ರಶ್ನೆ.

ನಾನು ನೂರು ಜೋಡಿ ಹಿಡಿದೆನೆಂದು ಬೀಗುತ್ತಿದ್ದೆ. ನ್ಯೂಟ್ರಾನ್ ಹಿಡಿಯುವ ಗೋಡೆಯ ಉಸ್ತುವಾರಿ ಕುಜುವೊಕಾ ಎಂಬ ಹಿರಿಯಾಕೆಯದು. ಅವರು ಪಟ್ಟಿ ನೋಡಿ ನಲವತ್ತು ಜೋಡಿ ಹೊಡೆದುಹಾಕಿದರು.

"ಒಬ್ಬನೇ ಬಂದು ಎರಡು ಬಾಗ್ಲು ತಟ್ಟಿದ್ರೆ ಇಬ್ರು ಬಂದ್ರು ಅಂತ ಬರ್ಕೋತೀಯೇನಮ್ಮಾ?"

ಒಂದೇ ಕಣ ಗೋಡೆಯಲ್ಲಿ ಪುಟಿದು ಎರಡು ಕಡೆ ಗುರುತು ಬಿಟ್ಟಿತ್ತು. ಗುರುತುಗಳ ನಡುವಿನ ಹೊತ್ತು ನೋಡಿಯೇ ಹಿಡಿದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಉಳಿದ ಅರವತ್ತರಲ್ಲಿ ಹೆಚ್ಚಿನವು ನಿಜವಾಗಿಯೂ ಅಕ್ಕಪಕ್ಕವೇ ಹಾರಿದ್ದವು. ಈಗ ಅದನ್ನು ಯಾರೂ ಅಲ್ಲಗಳೆಯಲಾರರು.

ನಾನು ಏಡಿ ಹಿಡಿಯಲು ನಮ್ಮ ಒಂದೇ ಕೋಣೆಯ ಶಾಲೆ ತಪ್ಪಿಸಿದಾಗಲೆಲ್ಲ ಹಾಜರಿಗೆ ನೀನೇ ಎರಡು ದನಿಯಲ್ಲಿ ಓಗೊಡುತ್ತಿದ್ದೆಯಲ್ಲ. ನಮ್ಮ ಪುಣ್ಯ, ಆಗ ಈಯಮ್ಮ ನಮ್ಮ ಟೀಚರ್ ಆಗಿರಲಿಲ್ಲ.

ಕಾರ್ಡು ತುಂಬಿತು.

ನಿನ್ನ ಎರಡನೆಯ ದನಿ,
ಚಿಗುಸಾ