ಕಡಲು ಮುಚ್ಚಿಹೋದ ಜಾಗ

ಕೊಕ್-ತಾಶ್, ಅಲಾಯ್ ಕಣಿವೆ
ಸೆಪ್ಟೆಂಬರ್ ೩

ಪ್ರೀತಿಯ ಕುಬಾತ್,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಸಿಮೆಂಟ್ ಮೂಟೆ ಎತ್ತುವಾಗ ಅತ್ತೆ ಕಳಿಸಿದ ಉಣ್ಣೆಯ ಪಟ್ಟಿ ಸೊಂಟಕ್ಕೆ ಕಟ್ಟಿಕೊ, ಜೊತೆಯವರು ನಕ್ಕರೆ ನಗಲಿ. ಮಾಸ್ಕೋದಲ್ಲಿ ಆಗಲೇ ಚಳಿ ಹಿಡಿದಿರಬೇಕು. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ಕೆಂಪು ಹಸು ಮಾತ್ರ ಹಾಲು ಕಡಿಮೆ ಮಾಡಿದೆ. ಫೋನ್ ಬಿಟ್ಟು ಕಾಗದ ಯಾಕೆ ಅನ್ನುತ್ತೀಯೇನೋ. ನನ್ನ ಫೋನು ಮಾವನ ಕೋಟಿನ ಒಳಜೇಬಿನಲ್ಲಿದೆ. ಯಾಕೆಂದು ಹೇಳುತ್ತೇನೆ.

ಭಾನುವಾರ ಬುರುಲಕ್ಕ ಬಂದಿದ್ದರು, ಕಾಲೇಜಿನಲ್ಲಿ ನನಗೆ ಭೂವಿಜ್ಞಾನ ಕಲಿಸಿದವರು. ನಮ್ಮ ಕೊಟ್ಟಿಗೆಯ ಹಿಂದಿನ ಹಸಿರು ಬಂಡೆ ನೋಡಲು ಗಾಡಿ ತುಂಬ ಜನ. ದಿಂಬು ಪೇರಿಸಿಟ್ಟ ಹಾಗಿದೆಯಲ್ಲ, ಚಿಕ್ಕವನಿದ್ದಾಗ ನೀನು ಜಾರುತ್ತಿದ್ದೆಯಂತೆ, ಅದೇ. ಅದು ಕಡಲ ತಳದಲ್ಲಿ ಉಕ್ಕಿ, ನೀರು ತಾಗಿದ್ದೇ ಗಟ್ಟಿಯಾದ ಲಾವಾ. ಸುಮಾರು ಮೂವತ್ತು ಕೋಟಿ ವರ್ಷದ ಹಿಂದೆ ಉತ್ತರದ ನೆಲ, ದಕ್ಷಿಣದ ನೆಲ ಹತ್ತಿರ ಸರಿದು ನಡುವಿನ ಕಡಲನ್ನೇ ಮುಚ್ಚಿಬಿಟ್ಟವು. ಪ್ರಪಂಚದ ನೆಲವೆಲ್ಲ ಕೂಡಿ ಪ್ಯಾಂಜಿಯಾ ಆಗುತ್ತಿದ್ದ ಕಾಲ. ಅದಕ್ಕೂ ಮುಂಚೆ ಹೀಗೇ ಕೂಡಿ ಒಡೆದದ್ದುಂಟು, ಮುಂದೆಯೂ ಕೂಡುತ್ತವೆ ಎಂದು ಚಹಾ ಕೊಡುತ್ತ ಅತ್ತೆಗೆ ಹೇಳಿದೆ. ಅತ್ತೆ ರೊಟ್ಟಿ ಮುರಿದಿಡುತ್ತ, “ಎಲ್ಲ ಒಂದೇ ನೆಲ ಆಗಿದ್ರೆ ಗಡಿ ಕಾಯೋ ಹುಡುಗ್ರು ಎಲ್ಲಿ ನಿಲ್ತಿದ್ರಮ್ಮಾ?” ಅಂದರು. ಬುರುಲಕ್ಕ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು.

ಆಮೇಲೆ ಅವರು ಮಾವನನ್ನು ಕೇಳಿದರು: ಈ ಕಲ್ಲಿನ ಪಟ್ಟಿ ಪೂರ್ವಕ್ಕೆ ಎಲ್ಲಿಯವರೆಗೆ ಹೋಗುತ್ತದೆಂದು ನೋಡಬೇಕು, ಹಿಮ ಬೀಳುವವರೆಗೆ ಕೆಲಸವಿದೆ, ಜಿಪಾರ್ ನಮ್ಮ ಜೊತೆ ಬರಲಿ. ಮದುವೆಯಾದಾಗಿನಿಂದ ಇಲ್ಲಿ ನಾನು ಬರೀ ‘ಸೊಸೆ’. ನನ್ನ ಹೆಸರು ಕೇಳಿ, ಬೇರೆ ಯಾರನ್ನೋ ಕರೆದರೆಂದು ಹಿಂದೆ ತಿರುಗಿ ನೋಡಿದೆ. ಮಾವ ಗಡ್ಡ ಸವರಿಕೊಂಡು, “ನೆಲ ಎಲ್ಲಿಗೆ ಬೇಕಾದ್ರೂ ಹೋಗ್ಲಿ. ನಮ್ಮ ಸೊಸೆ ಮನೇಲಿರ್ತಾಳೆ,” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕದ್ದಕ್ಕೆ ಆಮೇಲೆ ಒಲೆಯ ಮುಂದೆ ನನ್ನ ಮೇಲೇ ಸಿಟ್ಟು ಬಂತು.

ನಿನ್ನನ್ನೇ ಕೇಳೋಣವೆಂದು ಮರುದಿನ ಫೋನ್ ಎತ್ತಿಕೊಂಡೆ. ಮಾವ ಅದನ್ನು ತೆಗೆದುಕೊಂಡು, ಅಂಗಳದಾಚೆ ಹೋಗಿ ತಾವೇ ಮಾತಾಡಿ ಬಂದರು. ನೀನೂ ಬೇಡ ಅಂದೆಯಂತೆ. ಫೋನು ಅವರ ಜೇಬು ಸೇರಿತು. ಈಗ ನೀರಿಗೆ ಹೋದರೂ ನಿನ್ನ ತಂಗಿ ಹಿಂದೆಯೇ ಬರುತ್ತಾಳೆ, ಪಾಪ, ಮುಖ ತಗ್ಗಿಸಿಕೊಂಡು. ದಿನವಿಡೀ ಬೆಟ್ಟದ ಕಡೆಯಿಂದ ಬುರುಲಕ್ಕನವರ ಸುತ್ತಿಗೆಯ ಸದ್ದು ಕೇಳುತ್ತಿರುತ್ತದೆ. ನಾನು ಹಿಟ್ಟು ನಾದುತ್ತಿರುತ್ತೇನೆ. ಒಮ್ಮೊಮ್ಮೆ ಎದ್ದು ಬಾಗಿಲವರೆಗೆ ಹೋಗಿ ವಾಪಸ್ ಬರುತ್ತೇನೆ. ನಿನ್ನೆ ಅತ್ತೆ ನಿನ್ನ ಹಳೆಯ ಬೂಟಿಗೆ ನೀರಿಳಿಯದಂತೆ ಕೊಬ್ಬು ಸವರಿ ನನ್ನ ಹಾಸಿಗೆಯ ಪಕ್ಕ ಇಟ್ಟು ಹೋದರು.

ಅತ್ತೆ ನಿನಗೆ ಆಶೀರ್ವಾದ ಹೇಳಿದ್ದಾರೆ. ದೇವರು ನಿನ್ನನ್ನು ಕಾಪಾಡಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಜಿಪಾರ್

ಇನ್ನೊಂದು ಮಾತು. ಪಕ್ಕದ ಮನೆಯ ತಲಾಂತ್ ಮಾಸ್ಕೋಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಕಾಗದ ಅವನ ಕೈಲಿ ಕೊಡುತ್ತಿದ್ದೇನೆ. ಇದು ನಿನಗೆ ಸಿಗುವ ಹೊತ್ತಿಗೆ ನಾನು ಬುರುಲಕ್ಕನ ಗಾಡಿಯಲ್ಲಿ ಹೋಗಿಯಾಗಿರುತ್ತದೆ. ಬೇಡ ಅಂದದ್ದು ನೀನೋ, ನಿಮ್ಮಪ್ಪನೋ, ಅಷ್ಟು ಮಾತ್ರ ಬುರುಲಕ್ಕನ ಫೋನಿಗೆ ತಿಳಿಸು, ನಂಬರು ಕಾಗದದ ಹಿಂಬದಿಯಲ್ಲಿದೆ. ಹಿಮ ಬಿದ್ದ ಮೇಲೆ ಯಾವ ಮನೆಗೆ ಹೋಗಬೇಕೆಂದು ನನಗೆ ಗೊತ್ತಾಗಬೇಕು.